ಸೊಲ್ಲಾಪುರದ ಏಳು ನಂದಿಧ್ವಜಗಳು ಯಾರವು?

ಪ್ರಶ್ನೆ: ನಾವು ಇಂಡಿ ತಾಲ್ಲೂಕಿನವರು. ಈ ಸಲ ಸಂಕ್ರಾಂತಿಗೆ ಸೊಲ್ಲಾಪುರದ ಸಿದ್ಧರಾಮೇಶ್ವರ ಜಾತ್ರೆಗೆ ಹೋಗಿದ್ದೆವು. ಏಳು ನಂದಿಧ್ವಜಗಳ ಮೆರವಣಿಗೆ ನೋಡಿದೆವು. ಒಂದೊಂದು ಧ್ವಜ ಒಂದೊಂದು ಮನೆತನಕ್ಕೆ, ಸಮಾಜಕ್ಕೆ ಸೇರಿದ್ದು ಅಂತ ಅಲ್ಲಿನವರು ಹೇಳಿದರು. ಇವು ನಿಜವಾಗಿ ಸಿದ್ಧರಾಮರ ಕಾಲದವೇ? ನೋಡಿದರೆ ಎತ್ತರದ ಕೋಲಿನ ಹಾಗಿವೆ. ಇದನ್ನು ಧ್ವಜ ಅನ್ನುವುದೇಕೆ? ನಮ್ಮ ಮುತ್ತಜ್ಜನ ಮನೆಗೂ ಅಲ್ಲಿ ಏನೋ 'ಮಾನ' ಇತ್ತು ಅಂತ ಅಜ್ಜಿ ಹೇಳುತ್ತಿದ್ದರು. ಅದನ್ನು ಹುಡುಕುವುದು ಹೇಗೆ?

ಉತ್ತರ:

ಮೊದಲು ಒಡೆತನದ ವಿಷಯ ಬಗೆಹರಿಸಿಕೊಳ್ಳೋಣ. ಉಳಿದ ಪ್ರಶ್ನೆಗಳ ಗಂಟು ಅಲ್ಲೇ ಇದೆ.

ಏಳೂ ಧ್ವಜಗಳು ಸಿದ್ಧರಾಮರವು. ಮನೆತನಗಳಿಗೆ ಸೇರಿದ್ದು ಧ್ವಜವಲ್ಲ, ಧ್ವಜದ ಕೆಲಸ. ಯಾರು ಪೂಜೆ ಮಾಡಬೇಕು, ಯಾರು ಎತ್ತಬೇಕು, ಯಾರ ವಾಡೆಯಿಂದ (ಹಳೆಯ ದೊಡ್ಡ ಮನೆಯಿಂದ) ಹೊರಡಬೇಕು, ಯಾರು ಮಡಕೆ ತರಬೇಕು, ಯಾರು ಸಮ್ಮತಿ, ಅಂದರೆ ಅಕ್ಷತೆಯ ಹೊತ್ತಿನ ಮಾತು, ಓದಬೇಕು ಅಂತ ಹಂಚಿಕೊಂಡ ಕೆಲಸಗಳಿವೆ. ಈ ಕೆಲಸಕ್ಕೆ ಸೊಲ್ಲಾಪುರದಲ್ಲಿ 'ಮಾನ' ಅನ್ನುತ್ತಾರೆ. ಅದನ್ನು ಹೊತ್ತವರು ಮಾನಕರಿಗಳು. ನಿಮ್ಮ ಅಜ್ಜಿ ಹೇಳಿದ್ದು ಇದೇ ಮಾತು. ಮಾನ ಅಂದರೆ ಆಸ್ತಿ ಅಂತ ತಿಳಿದುಕೊಂಡು ಹುಡುಕಿದರೆ ದಾರಿ ತಪ್ಪುತ್ತದೆ. ಅದೊಂದು ಹೊಣೆ ಅಂತ ತಿಳಿದು ಹುಡುಕಿ. ಆಗ ದಾರಿ ಸಿಗುತ್ತದೆ.

ಈಗ ಕೋಲಿನ ವಿಷಯ. ನೀವು ನೋಡಿದ ನಂದಿಧ್ವಜ ಸುಮಾರು 30 ಅಡಿ ಎತ್ತರದ್ದು. ಅದನ್ನು ಬಟ್ಟೆ ಸುತ್ತಿ, ಹೂವಿನ ಹಾರ ಹಾಕಿ ಸಿಂಗರಿಸುತ್ತಾರೆ. ಗಾಳಿಯಲ್ಲಿ ಹಾರುವ ಬಟ್ಟೆಯೇ ಧ್ವಜ ಅನ್ನುವ ಕಲ್ಪನೆ ನಮಗೆ ಈಚೆಗೆ ಗಟ್ಟಿಯಾಗಿದೆ. ನಮ್ಮ ದೇವಸ್ಥಾನಗಳ ಮುಂದೆ ನಿಂತ ಧ್ವಜಸ್ತಂಭಗಳನ್ನೇ ನೋಡಿ. ವರ್ಷದ ಬಹುಪಾಲು ದಿನ ಅಲ್ಲಿ ಬಟ್ಟೆ ಇರುವುದಿಲ್ಲ. ಆದರೂ ಅದು ಧ್ವಜಸ್ತಂಭವೇ. ಕಂಬ, ಅದರ ಮೇಲಿನ ಗುರುತು, ಅದು ನಿಂತ ಜಾಗ, ಈ ಮೂರೂ ಸೇರಿದರೆ ಧ್ವಜ. ಬಟ್ಟೆ ಹಳೆಯದಾದರೆ ಬದಲಾಯಿಸುತ್ತಾರೆ. ಗುರುತು ಮತ್ತು ಜಾಗ ಬದಲಾಗುವುದಿಲ್ಲ.

ನಂದಿಯ ಗುರುತು ಆ ಸೀಮೆಗೆ ಹೊಸದೇನಲ್ಲ. ಸಿದ್ಧರಾಮರು 12ನೇ ಶತಮಾನದವರು. ಆಗ ಕಲ್ಯಾಣ ಚಾಲುಕ್ಯರ ಆಳ್ವಿಕೆ, ನಡುವೆ ಕಲಚೂರಿ ಬಿಜ್ಜಳನ ಕಾಲ. ಚಾಲುಕ್ಯರ ಲಾಂಛನ ವರಾಹ. ಬನವಾಸಿ ಕದಂಬರ ಬಾವುಟದಲ್ಲಿ ವಾನರ ಇತ್ತು. ಕಲಚೂರಿಗಳು ತಮ್ಮನ್ನು 'ಸುವರ್ಣ ವೃಷಭ ಧ್ವಜ'ದವರು ಅಂತ ಶಾಸನಗಳಲ್ಲಿ ಕರೆದುಕೊಂಡಿದ್ದಾರೆ. ಅಂದರೆ ಬಂಗಾರದ ಎತ್ತಿನ ಬಾವುಟ. ಸೊಲ್ಲಾಪುರದ ನಂದಿಧ್ವಜ ಅಲ್ಲಿಂದಲೇ ಬಂತು ಅಂತ ನಾನು ಹೇಳುತ್ತಿಲ್ಲ. ಶೈವರಿಗೆ ನಂದಿ ಎಲ್ಲ ಕಾಲಕ್ಕೂ ಸ್ವಂತದ್ದು. ಆದರೆ ಎತ್ತಿನ ಗುರುತನ್ನು ಮುಂದೆ ಹಿಡಿದು ಮೆರವಣಿಗೆ ಹೊರಟರೆ ಅದು ಧ್ವಜ ಅಂತ ಆ ಕಾಲದ ಸೊನ್ನಲಿಗೆಯ ಜನಕ್ಕೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಸೊನ್ನಲಿಗೆ ಅನ್ನುವುದು ಸೊಲ್ಲಾಪುರದ ಹಳೆಯ ಹೆಸರು. ಸಿದ್ಧರಾಮರ ತಂದೆ ಮುದ್ದುಗೌಡ, ತಾಯಿ ಸುಗ್ಗಲದೇವಿ. ಮಲ್ಲಯ್ಯನನ್ನು ಹುಡುಕಿಕೊಂಡು ಶ್ರೀಶೈಲಕ್ಕೆ ಹೋದ ಹುಡುಗನ ಕಥೆಯನ್ನು ರಾಘವಾಂಕ 'ಸಿದ್ಧರಾಮ ಚಾರಿತ್ರ'ದಲ್ಲಿ ಹೇಳಿದ್ದಾನೆ. ಹುಡುಗ ಹೊಲ ಕಾಯುತ್ತಿದ್ದ. ಜಂಗಮನ ರೂಪದಲ್ಲಿ ಮಲ್ಲಯ್ಯ ಬಂದ. ಹುಡುಗ ಅವನಿಗೆ ಅಂತ ಮನೆಯಿಂದ ಮೊಸರನ್ನ ತರುವಷ್ಟರಲ್ಲಿ ಅವನು ಅಲ್ಲಿರಲಿಲ್ಲ. ಶ್ರೀಶೈಲದಿಂದ ತಿರುಗಿ ಬಂದ ಮೇಲೆ ಸಿದ್ಧರಾಮರು ಕೆರೆ ತೋಡಿಸಿದರು, ದೇವಾಲಯ ಕಟ್ಟಿಸಿದರು. ಸೊನ್ನಲಿಗೆಗೆ ಅಭಿನವ ಶ್ರೀಶೈಲ ಅನ್ನುವ ಹೆಸರು ಬಂತು. ಊರಿನ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದರು ಅನ್ನುವುದು ಪರಂಪರೆಯ ಮಾತು. ಈ 68 ಅನ್ನುವ ಅಂಕಿ ನೆನಪಿಟ್ಟುಕೊಳ್ಳಿ. ಧ್ವಜಗಳ ದಾರಿ ಇದರ ಮೇಲೇ ನಿಂತಿದೆ.

ಜಾತ್ರೆಯ ಕಥೆಯ ಕೇಂದ್ರದಲ್ಲಿ ಒಬ್ಬ ಕುಂಬಾರರ ಹುಡುಗಿ ಇದ್ದಾಳೆ. ಅವಳು ದಿನವೂ ಸಿದ್ಧರಾಮರ ಯೋಗಸ್ಥಾನದ ಅಂಗಳ ಸಾರಿಸಿ ರಂಗೋಲಿ ಹಾಕುತ್ತಿದ್ದಳಂತೆ. ಮದುವೆಯಾದರೆ ನಿಮ್ಮನ್ನೇ ಅಂತ ಹಟ ಹಿಡಿದಳು. ನಾನು ಯೋಗಿ, ಲಿಂಗಕ್ಕೆ ಒಪ್ಪಿಸಿಕೊಂಡವನು, ಮದುವೆ ಆಗಲಾರೆ ಅಂತ ಅವರು ಹೇಳಿದರು. ಅವಳು ಬಿಡಲಿಲ್ಲ. ಕೊನೆಗೆ ತಮ್ಮ ಯೋಗದಂಡದ ಜೊತೆ ಮದುವೆಯಾಗಲು ಒಪ್ಪಿಗೆ ಕೊಟ್ಟರು. ಮದುವೆ ಮುಗಿದ ಮೇಲೆ ಅವಳು ಹೋಮದ ಬೆಂಕಿಗೆ ಇಳಿದಳು ಅಂತ ಕಥೆ ಮುಗಿಯುತ್ತದೆ. ಜಾತ್ರೆಯಲ್ಲಿ ನಡೆಯುವುದು ಈ ಮದುವೆಯೇ. ಯೋಗದಂಡದ ಜಾಗದಲ್ಲಿ ನಂದಿಧ್ವಜ ನಿಲ್ಲುತ್ತದೆ. ಅದು ವರ. ಅದಕ್ಕೇ ಅದಕ್ಕೆ ಬಾಸಿಂಗ ಕಟ್ಟುತ್ತಾರೆ. ನೀವು ನೋಡಿರಬೇಕು, ಅಲ್ವಾ?

ಈ ಕಥೆಯ ಕೊನೆ ನನಗೆ ಹಗುರಾಗಿ ಹೇಳಿ ಮುಂದೆ ಹೋಗುವಂಥದ್ದಲ್ಲ. ಹೆಣ್ಣು ಬೆಂಕಿಗೆ ಇಳಿಯುವುದನ್ನು ಭಕ್ತಿಯ ಶಿಖರ ಅಂತ ತೋರಿಸುವುದು ಸಿದ್ಧರಾಮರ ವಚನಗಳನ್ನು ಓದಿದವರಿಗೆ ಕಷ್ಟವಾಗುತ್ತದೆ. ಕಪಿಲಸಿದ್ಧಮಲ್ಲಿಕಾರ್ಜುನ ಅಂಕಿತದಲ್ಲಿ ಹೆಣ್ಣು ಹೆಣ್ಣಲ್ಲ, ಹೆಣ್ಣು ರಾಕ್ಷಸಿಯಲ್ಲ, ಹೆಣ್ಣು ಪ್ರತ್ಯಕ್ಷ ಕಪಿಲಸಿದ್ಧಮಲ್ಲಿಕಾರ್ಜುನ ನೋಡಾ ಅಂತ ಹಾಡಿದವರು ಅವರು. ಕಥೆಯನ್ನು ಆಚರಣೆಯ ಕಥೆಯಾಗಿ ಓದಿ. ಸಿದ್ಧರಾಮರ ವಿಚಾರವನ್ನು ತಿಳಿಯಬೇಕಾದರೆ ವಚನಗಳಿಗೇ ಹೋಗಿ. ಎರಡನ್ನೂ ಒಂದೇ ಅಂತ ಕಲಸಿಬಿಡಬಾರದು.

ಆದರೆ ಮನೆತನಗಳ ಇತಿಹಾಸಕ್ಕೆ ಈ ಮದುವೆಯೇ ಬೀಗದ ಕೈ. ಒಂದು ಮದುವೆ ನಡೆಯಬೇಕಾದರೆ ಊರಲ್ಲಿ ಯಾರ್‍ಯಾರು ಬೇಕು? ಮನೆ ಹಿರಿಯರು ಬೇಕು, ಊರ ಯಜಮಾನರು ಬೇಕು, ಮಡಕೆ ತರುವವರು, ಒಡವೆ ಮಾಡುವವರು, ಹೂವು ಕೊಡುವವರು, ಬಾಜಾ ಬಾರಿಸುವವರು, ಮಂತ್ರ ಹೇಳುವವರು ಎಲ್ಲರೂ ಬೇಕು. ಸೊಲ್ಲಾಪುರದ ಮಾನಗಳ ಪಟ್ಟಿ ನೋಡಿದರೆ ಅದೊಂದು ಹಳೆಯ ಊರಿನ ಮದುವೆಯ ಕೆಲಸ ಹಂಚಿಕೆಯೇ ಸರಿ.

ಮೊದಲನೆಯ ನಂದಿಧ್ವಜ ಸಿದ್ಧೇಶ್ವರ, ಅಂದರೆ ಸಿದ್ಧರಾಮರ, ದೇವಸ್ಥಾನದ್ದು. ಅದರ ಮುಖ್ಯ ಮಾನ ಹಿರೇಹಬ್ಬು ಮನೆತನಕ್ಕಿದೆ. ಉತ್ತರ ಕಸಬಾದಲ್ಲಿರುವ ಹಿರೇಹಬ್ಬು ವಾಡೆಯಿಂದಲೇ ಮೆರವಣಿಗೆ ಹೊರಡುತ್ತದೆ. ಎರಡನೆಯದರ ಮಾನ ಕಸಬಾದ ದೇಶಮುಖರದು. ನಡುವಿನ ಧ್ವಜಗಳ ಮಾನದಲ್ಲಿ ಲಿಂಗಾಯತ ಮಾಳಿ ಸಮಾಜ, ವಿಶ್ವಬ್ರಾಹ್ಮಣ ಸಮಾಜದವರು ಬರುತ್ತಾರೆ. ಆರನೆಯದರ, ಏಳನೆಯದರ ಮಾನ ಮಾತಂಗ ಸಮಾಜದ್ದು. ಸಮ್ಮತಿ ಕಟ್ಟೆಯ ಮೇಲೆ ನಿಂತು ಸಮ್ಮತಿ ಓದುವ ಮಾನ ಶೇಟೆ ಮನೆತನದ್ದು. ಸುಗಡಿ, ಅಂದರೆ ಸಂಕ್ರಾಂತಿ ಪೂಜೆಯ ಮಣ್ಣಿನ ಗಡಿಗೆಗಳು, ಕುಂಬಾರರಿಂದ ಬರುತ್ತವೆ. ಆ ಪೂಜೆಯಲ್ಲಿ ಹಿರೇಹಬ್ಬು, ದೇಶಮುಖ ಇಬ್ಬರೂ ಇರುತ್ತಾರೆ. ಕುಂಬಾರರಿಗೆ ಅಲ್ಲಿ ವೀಳ್ಯದ ಮಾನ ಸಲ್ಲುತ್ತದೆ. ಯಾಕೆಂದರೆ ಅವರು ಹೆಣ್ಣಿನ ಕಡೆಯವರು.

ಇಲ್ಲೊಂದು ಮಾತು ಹೇಳಲೇಬೇಕು. ಎಲ್ಲ ಸಮಾಜದವರೂ ಸೇರುವ ಜಾತ್ರೆ ಅಂತ ಹೊಗಳಿ ಮುಗಿಸುವುದು ಸುಲಭ. ಅದು ಸುಳ್ಳಲ್ಲ. ಆದರೆ ಮಾತಂಗರ ಧ್ವಜಗಳು ಕೊನೆಯಲ್ಲಿ ಬರುತ್ತವೆ ಅನ್ನುವುದೂ ಸುಳ್ಳಲ್ಲ. ಸಾಲಿನ ಕ್ರಮದಲ್ಲಿ ಹಳೆಯ ಊರಿನ ಮೇಲುಕೀಳು ಅಚ್ಚೊತ್ತಿ ಕೂತಿದೆ. ಅದೇ ಸಾಲಿನಲ್ಲಿ ಇನ್ನೊಂದೂ ಇದೆ. ಏಳೂ ಧ್ವಜಗಳು 68 ಲಿಂಗಗಳ ದಾರಿಯನ್ನು ಜೊತೆಯಾಗಿ ನಡೆಯುತ್ತವೆ. ಏಳಕ್ಕೂ ಒಂದೇ ಅಕ್ಷತೆ ಬೀಳುತ್ತದೆ. ಮಾತಂಗ ಮನೆಗಳು ಈ ಜಾತ್ರೆಯಲ್ಲಿ ಧ್ವಜ ಹೊರುವವರು. ಅನೇಕ ಊರುಗಳ ಜಾತ್ರೆಯಲ್ಲಿ ಅವರಿಗೆ ಹಲಗಿ ಬಾರಿಸುವ ಕೆಲಸ ಬಿಟ್ಟರೆ ಬೇರೆ ಏನನ್ನೂ ಕೊಡದಿದ್ದ ಕಾಲದಲ್ಲೂ ಇಲ್ಲಿ ಧ್ವಜ ಅವರ ಕೈಯಲ್ಲಿತ್ತು. ಸ್ಥಳೀಯ ಇತಿಹಾಸ ಬರೆಯುವವರು ಈ ಎರಡನ್ನೂ ಬರೆಯಬೇಕು. ಒಂದನ್ನೇ ಬರೆದರೆ ಅರ್ಧ ಬರೆದ ಹಾಗೆ.

ದಿನಗಳ ಕ್ರಮ ನಿಮಗೆ ಗೊತ್ತಿರಬಹುದು. ಆದರೂ ಚುಟುಕಾಗಿ ಹೇಳುತ್ತೇನೆ, ಯಾವ ಮನೆತನ ಎಲ್ಲಿ ಬರುತ್ತದೆ ಅಂತ ತಿಳಿಯಲು ಇದು ಬೇಕು. ಜನವರಿ 13ರ ಸುಮಾರಿಗೆ ಎಣ್ಣೆ ಮಜ್ಜನ. ಅಂದು ಧ್ವಜಗಳು ಊರೆಲ್ಲ ಸುತ್ತಿ 68 ಲಿಂಗಗಳಿಗೆ ಎಣ್ಣೆಯ ಅಭಿಷೇಕ ಆಗುತ್ತದೆ. ಮದುವೆಗೆ ಮುಂಚೆ ಎಣ್ಣೆ ಹಚ್ಚಿ ನೀರೆರೆಯುವ ಪದ್ಧತಿಯೇ ಇದು. ಮರುದಿನ 14ಕ್ಕೆ ಕೆರೆಯ ಹತ್ತಿರದ ಸಮ್ಮತಿ ಕಟ್ಟೆಯಲ್ಲಿ ಅಕ್ಷತೆ. ಶೇಟೆಯವರು ಸಮ್ಮತಿ ಓದುತ್ತಾರೆ. 'ಸತ್ಯಂ ಸತ್ಯಂ, ನಿತ್ಯಂ ನಿತ್ಯಂ' ಅನ್ನುವ ಮಾತು ಬಂದಾಗ ಲಕ್ಷಾಂತರ ಕೈಗಳಿಂದ ಅಕ್ಷತೆ ಹಾರುತ್ತದೆ. 15ರ ರಾತ್ರಿ ಹೋಮ ಮೈದಾನದಲ್ಲಿ ಹೋಮ. 16ಕ್ಕೆ ಮದ್ದು ಸುಡುವುದು. 17ಕ್ಕೆ ಕಸಬಾದ ಮಲ್ಲಿಕಾರ್ಜುನ ಗುಡಿಯಲ್ಲಿ ಕಪ್ಪಡಗಳ್ಳಿ. ಅಂದು ಧ್ವಜಗಳ ಸಿಂಗಾರ ಬಿಚ್ಚುತ್ತಾರೆ. ಮರಾಠಿ ಪತ್ರಿಕೆಗಳೂ ಈ ಹೆಸರುಗಳನ್ನು 'ಯಣ್ಣಿಮಜ್ಜನ', 'ಕಪ್ಪಡಕಳ್ಳಿ' ಅಂತಲೇ ಅಚ್ಚು ಹಾಕುತ್ತವೆ. ಊರಿನ ಬೀದಿಯ ಮಾತು ಬದಲಾದರೂ ಧ್ವಜದ ಮಾತು ಕನ್ನಡವಾಗೇ ಉಳಿದಿದೆ.

ಹೋಮದ ದಿನದ ಎರಡು ಸಂಗತಿಗಳನ್ನು ಹೆಚ್ಚಿನವರು ಗಮನಿಸುವುದಿಲ್ಲ. ಒಂದು, ಆ ದಿನ ಧ್ವಜಕ್ಕೆ ನಾಗರ ಹೆಡೆಯ ಆಕಾರದ ನಾಗಫಣಿ ಕಟ್ಟುತ್ತಾರೆ. ಮೊದಲೇ ಭಾರದ ಕೋಲು ಇನ್ನೂ ಭಾರವಾಗುತ್ತದೆ. ಅದನ್ನು ಹೊತ್ತು ನಡೆಯುವುದು ದೊಡ್ಡ ಸೇವೆ. ಇನ್ನೊಂದು, ಭಾಕಣೂಕ. ದೇಶಮುಖರ ಮನೆಯ ಕರುವನ್ನು ದಿನವಿಡೀ ಉಪವಾಸ ಇಟ್ಟು, ರಾತ್ರಿ ಅದರ ಮುಂದೆ ಕಾಳುಕಡಿ, ಬೆಲ್ಲ, ಗಜ್ಜರಿ, ಬಾರಿಹಣ್ಣು ಇಡುತ್ತಾರೆ. ಅದು ಯಾವುದಕ್ಕೆ ಬಾಯಿ ಹಾಕುತ್ತದೆ, ಬೆದರುತ್ತದೆಯೇ ಅಂತ ನೋಡಿ ಮುಂದಿನ ವರ್ಷದ ಮಳೆಬೆಳೆ, ದರ ಹೇಳುತ್ತಾರೆ. ಸೊಲ್ಲಾಪುರ ಜಿಲ್ಲೆ ಬರದ ಸೀಮೆ. ಜೋಳ ಕಟಾವಿಗೆ ಬರುವ ಮುಂಚೆ ಇಡೀ ಊರು ಒಂದು ಕರುವಿನ ಮುಂದೆ ಉಸಿರು ಹಿಡಿದು ನಿಲ್ಲುವುದರ ಅರ್ಥ ನಿಮ್ಮ ಇಂಡಿ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಧ್ವಜ ಹೊರುವವರ ಬಗ್ಗೆಯೂ ಹೇಳಬೇಕು. ಮಾನ ಮನೆತನದ್ದಾದರೂ ಹೊರುವುದು ಒಂದು ಮನೆಯ ಕೆಲಸವಲ್ಲ. ನೂರಾರು ಯುವಕರು ಸರದಿಯ ಮೇಲೆ ಹೊರುತ್ತಾರೆ. ಜಾತ್ರೆಗೆ ವಾರಗಳ ಮುಂಚೆಯೇ ರಾತ್ರಿ ಹೊತ್ತು ಅಭ್ಯಾಸ ಶುರುವಾಗುತ್ತದೆ. ಅದಕ್ಕೆ 'ಸರಾವ' ಅನ್ನುತ್ತಾರೆ. ಕೋಲಿನ ಬುಡವನ್ನು ಸೊಂಟಕ್ಕೆ ಊರಿಕೊಂಡು, ತುದಿ ವಾಲದ ಹಾಗೆ ನಡೆಯಬೇಕು. ತೋಳಿನ ಬಲಕ್ಕಿಂತ ಸೊಂಟದ ತೂಕ ಮುಖ್ಯ. ಇದನ್ನು ಹಿರಿಯರು ಕಿರಿಯರಿಗೆ ಕೈ ಹಿಡಿದು ಕಲಿಸುತ್ತಾರೆ. ಹೊರುವವರ ಬಟ್ಟೆ ಬಿಳಿ ಬಾರಾಬಂದಿ, ಧೋತರ, ತಲೆಗೆ ರುಮಾಲು. ಬಾರಾಬಂದಿ ಅಂದರೆ ಗುಂಡಿಗಳ ಬದಲು ಕಸೆಗಳಿಂದ ಕಟ್ಟುವ ಹಳೆಯ ಅಂಗಿ. ಎಷ್ಟೋ ಮನೆಗಳಲ್ಲಿ ಇದನ್ನು ವರ್ಷಕ್ಕೊಮ್ಮೆ ಮಾತ್ರ ಪೆಟ್ಟಿಗೆಯಿಂದ ತೆಗೆಯುತ್ತಾರೆ. ದಾರಿಯುದ್ದಕ್ಕೂ ಹೆಣ್ಣುಮಕ್ಕಳು ಹಾಕುವ ರಂಗೋಲಿ ಕಿಲೋಮೀಟರುಗಟ್ಟಲೆ ಹೋಗುತ್ತದೆ. ಕುಂಬಾರರ ಹುಡುಗಿ ಮಾಡುತ್ತಿದ್ದ ಕೆಲಸವೂ ಅದೇ ಆಗಿತ್ತು ಅಂತ ಕಥೆ ಹೇಳುತ್ತದೆ.

ಇನ್ನು ಇವು ಸಿದ್ಧರಾಮರ ಕಾಲದವೇ ಅನ್ನುವ ಪ್ರಶ್ನೆ. ಪರಂಪರೆ ಸುಮಾರು 900 ವರ್ಷ ಅನ್ನುತ್ತದೆ. ಕೋಲುಗಳು ಅಷ್ಟು ಹಳೆಯವಲ್ಲ. ಮರ, ಬಿದಿರು, ಬಟ್ಟೆ ಅಷ್ಟು ಬಾಳುವುದಿಲ್ಲ, ಬದಲಾಗುತ್ತಾ ಬಂದಿವೆ. ಹಳೆಯದು ಇರುವುದು ಕ್ರಮದಲ್ಲಿ. ಕೆಲಸ ಹಂಚಿಕೆಯಲ್ಲಿ. ಆದರೆ ಇಂದಿನ ಕ್ರಮದ ಎಲ್ಲ ಭಾಗಗಳೂ ಒಂದೇ ಕಾಲಕ್ಕೆ ಸೇರಿದವಲ್ಲ. ಒಂದು ಉದಾಹರಣೆ ಕೊಡುತ್ತೇನೆ. ದೇಶಮುಖ ಅನ್ನುವುದು ದಖನಿನ ಸುಲ್ತಾನರ ಕಾಲದಿಂದ ಪೇಶ್ವೆಗಳ ಕಾಲದವರೆಗೆ ನಡೆದುಬಂದ ಪರಗಣೆಯ ಹುದ್ದೆ. ಕಂದಾಯ ವಸೂಲಿ ಮಾಡಿಸುವ ವತನದಾರರು ಅವರು. 12ನೇ ಶತಮಾನದ ಸೊನ್ನಲಿಗೆಯಲ್ಲಿ ಈ ಹುದ್ದೆ ಇರಲಿಲ್ಲ. ಹಾಗಾದರೆ ದೇಶಮುಖರ ಮಾನ ಆ ಹೆಸರಿನಲ್ಲಿ ಸೇರಿದ್ದು ಆಮೇಲೆ. ಇದರಿಂದ ಆ ಮಾನ ಸಣ್ಣದಾಗುವುದಿಲ್ಲ. ಊರಿನ ಅಧಿಕಾರ ಯಾರ ಕೈಗೆ ಬಂತೋ ಅವರೂ ಧ್ವಜದ ಮುಂದೆ ಬಂದು ನಿಲ್ಲಬೇಕಾಯಿತು ಅಂತ ಇದು ತೋರಿಸುತ್ತದೆ. ನನ್ನ ದೃಷ್ಟಿಯಲ್ಲಿ ಈ ಧ್ವಜದ ದೊಡ್ಡಸ್ತಿಕೆ ಇರುವುದು ಇಲ್ಲೇ.

ಸೊಲ್ಲಾಪುರ ಎಷ್ಟು ಕೈ ಬದಲಾಯಿಸಿತು ಅಂತ ನೋಡಿ. ಬಹಮನಿಗಳು, ಆಮೇಲೆ ವಿಜಾಪುರದ ಆದಿಲಶಾಹಿ. ಅಹಮದನಗರದ ನಿಜಾಮಶಾಹಿಗೂ ಆದಿಲಶಾಹಿಗೂ ಈ ಕೋಟೆಗಾಗಿ ವರ್ಷಗಟ್ಟಲೆ ಜಗಳ. ಚಾಂದ್‌ಬೀಬಿಯನ್ನು ಅಲಿ ಆದಿಲಶಾಹನಿಗೆ ಕೊಟ್ಟಾಗ ಕೋಟೆಯನ್ನು ಬಳುವಳಿಯಾಗಿ ಕೊಟ್ಟರು. ಆಮೇಲೆ ಮೊಗಲರು, ನಿಜಾಮ, ಪೇಶ್ವೆಗಳು. 1818ರಲ್ಲಿ ಬ್ರಿಟಿಷರು. 1960ರಲ್ಲಿ ಮಹಾರಾಷ್ಟ್ರ ರಾಜ್ಯ. ಕೋಟೆಯ ಮೇಲಿನ ಬಾವುಟ ಪ್ರತಿ ಸಲವೂ ಬದಲಾಯಿತು. ಕೋಟೆಯ ಪಕ್ಕದ ಕೆರೆಯ ದಂಡೆಯಲ್ಲಿ ನಿಲ್ಲುವ ಧ್ವಜ ಬದಲಾಗಲಿಲ್ಲ.

ಈ ಮಾತಿನ ಜೊತೆಗೆ 1930ನ್ನು ಬಿಡಲಾಗದು. ಆ ವರ್ಷ ಮೇ ತಿಂಗಳಲ್ಲಿ ಸೊಲ್ಲಾಪುರದ ಜನ ಎದ್ದರು. ಕೆಲವು ದಿನ ಊರಿನಲ್ಲಿ ಬ್ರಿಟಿಷ್ ಆಡಳಿತವೇ ಇರಲಿಲ್ಲ. ಆಮೇಲೆ ಮಾರ್ಷಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ಕುರ್ಬಾನ್ ಹುಸೇನ್ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಜಾತ್ರೆಯ ಹೊತ್ತು ಅದು. ಹಾಗಾಗಿ ಸೊಲ್ಲಾಪುರದಲ್ಲಿ ಜನವರಿಯ ಆ ವಾರಕ್ಕೆ ಎರಡು ನೆನಪುಗಳಿವೆ. ಜಾತ್ರೆಗೆ ಹೋದವರು ಹುತಾತ್ಮರ ಪುತ್ಥಳಿಗಳ ಮುಂದೆಯೂ ಒಂದು ಕ್ಷಣ ನಿಂತು ಬರಬೇಕು ಅಂತ ನನ್ನ ಆಸೆ.

ಈಗ ಕರ್ನಾಟಕದ ಕಡೆಗೆ ಬರೋಣ. ಸಿದ್ಧರಾಮರ ಧ್ವಜದ ಬಂಧುಗಳು ಇಲ್ಲೂ ಇದ್ದಾರೆ. ತುಮಕೂರು ಸೀಮೆಯ ನೊಳಂಬ ಲಿಂಗಾಯತರು ಸಿದ್ಧರಾಮರನ್ನು ಕುಲಗುರು ಅಂತ ನಡೆದುಕೊಳ್ಳುತ್ತಾರೆ. ಜನವರಿಯಲ್ಲಿ ಸಿದ್ಧರಾಮ ಜಯಂತಿ ಮಾಡುತ್ತಾರೆ. ಭೋವಿ ಸಮಾಜಕ್ಕೂ ಅವರೇ ಗುರು. ಕಾರಣ ಕೆರೆ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದಾಗ ಕೆರೆ ತೋಡುತ್ತಿದ್ದವರನ್ನು 'ಒಡ್ಡರಾಮ ಎಲ್ಲಿ' ಅಂತ ಕೇಳಿ ಕೆಣಕಿದ, ಅವರು ಸಿಟ್ಟಾಗಿ ಕಲ್ಲು ಬೀರಿದರು ಅನ್ನುವ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ. ಕಲ್ಲು ಒಡೆದು, ಮಣ್ಣು ಹೊತ್ತು ಆ ಕೆರೆ ಮಾಡಿದವರ ಮಕ್ಕಳಿಗೆ ಸಿದ್ಧರಾಮರು ಗುರು ಆಗದೆ ಇನ್ನ್ಯಾರು ಆಗಬೇಕು?

ನಂದಿಧ್ವಜವೂ ಸೊಲ್ಲಾಪುರದ್ದೊಂದೇ ಅಲ್ಲ. ನಮ್ಮ ಕಡೆ ಅದನ್ನು ನಂದಿಕೋಲು ಅನ್ನುತ್ತೇವೆ. ಬಿದಿರಿಗೆ ಹಿತ್ತಾಳೆಯ ಫಲಕ, ಕಳಸ, ಗೆಜ್ಜೆ, ಬುಡದಲ್ಲಿ ನಂದಿಯ ವಿಗ್ರಹ, ತುದಿಗೆ ಬಾವುಟ. ಕರಡಿ ಮಜಲು ಅನ್ನುವ ವಾದ್ಯಮೇಳದ ತಾಳಕ್ಕೆ ಕುಣಿಸುತ್ತಾರೆ. ಮೈಸೂರು ದಸರೆಯಲ್ಲಿ ಜಂಬೂಸವಾರಿ ಶುರುವಾಗುವ ಮುಂಚೆ ಮುಖ್ಯಮಂತ್ರಿ ಅರಮನೆಯ ಬಲರಾಮ ದ್ವಾರದ ಬಳಿ ಪೂಜೆ ಸಲ್ಲಿಸುವುದು ನಂದಿಧ್ವಜಕ್ಕೇ. ಆದರೆ ಎರಡಕ್ಕೂ ವ್ಯತ್ಯಾಸ ಇದೆ. ಮೈಸೂರು ಸೀಮೆಯಲ್ಲಿ ನಂದಿಧ್ವಜ ಕುಣಿಯುತ್ತದೆ, ದೊಡ್ಡ ಮೆರವಣಿಗೆಗೆ ದಾರಿ ತೆರೆಯುತ್ತದೆ. ಸೊಲ್ಲಾಪುರದಲ್ಲಿ ಮೆರವಣಿಗೆ ಇರುವುದೇ ಅದಕ್ಕಾಗಿ. ಅಲ್ಲಿ ಅದು ಮದುವೆ ಗಂಡು.

ನಿಮ್ಮ ಮನೆಯ ಮಾನದ ಹುಡುಕಾಟಕ್ಕೆ ಬರುತ್ತೇನೆ. ಇದೇ ನಿಮಗೆ ಹೆಚ್ಚು ಬೇಕಾದದ್ದು ಅನ್ನಿಸುತ್ತದೆ.

ಮೊದಲು ಮನೆಯ ಮಾತನ್ನು ಕೇಳಿ ಬರೆದಿಟ್ಟುಕೊಳ್ಳಿ. 'ನಮ್ಮದು ದೊಡ್ಡ ಮನೆತನ' ಅನ್ನುವ ಮಾತಿನಿಂದ ಪ್ರಯೋಜನ ಇಲ್ಲ. ಕೆಲಸದ ಮಾತು ಕೇಳಿ. ಸಂಕ್ರಾಂತಿಗೆ ಸೊಲ್ಲಾಪುರಕ್ಕೆ ಹೋಗುವಾಗ ಮುತ್ತಜ್ಜ ಏನು ತೆಗೆದುಕೊಂಡು ಹೋಗುತ್ತಿದ್ದರು? ಎಣ್ಣೆಯಾ, ಜೋಳವಾ, ಹೂವಾ, ಬಟ್ಟೆಯಾ? ಯಾರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು? ತಿರುಗಿ ಬರುವಾಗ ಏನು ಕೊಡುತ್ತಿದ್ದರು, ತೆಂಗಿನಕಾಯಿಯಾ, ಶಲ್ಯವಾ? ಯಾವ ದಿನ ಅವರು ಅಲ್ಲಿ ಇರಲೇಬೇಕಿತ್ತು? 13ಕ್ಕಾ, 15ಕ್ಕಾ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಸಿಕ್ಕರೆ ಯಾವ ಧ್ವಜದ, ಯಾವ ಕೆಲಸದ ಮಾನ ಅಂತ ಅರ್ಧ ಗೊತ್ತಾದ ಹಾಗೆ. ಮನೆಯಲ್ಲಿ ಹಳೆಯ ಬಾರಾಬಂದಿ, ಸೊಂಟಕ್ಕೆ ಕಟ್ಟುವ ಪಟ್ಟಿ, ಹಿತ್ತಾಳೆಯ ಸಾಮಾನು ಇದ್ದರೆ ಫೋಟೋ ತೆಗೆದಿಡಿ. ಪಾಲಿಶ್ ಮಾಡಿಸಬೇಡಿ. ಅಕ್ಷರ ಕೊರೆದಿದ್ದರೆ ಅಳಿಸಿಹೋಗುತ್ತದೆ.

ಆಮೇಲೆ ಹೆಳವರನ್ನು ಕೇಳಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ನಿಮ್ಮ ಕಡೆ ಹೆಳವರು ಇನ್ನೂ ಮನೆಮನೆಗೆ ಬಂದು ವಂಶಾವಳಿ ಹೇಳುತ್ತಾರೆ. ಮೂಲ ಊರು, ಬೆಡಗು (ಕುಲದ ಒಳಪಂಗಡ), ಯಾರು ಯಾವ ಊರಿಗೆ ಬಂದರು, ಎಷ್ಟು ಗಂಡುಮಕ್ಕಳು, ಎಲ್ಲ ಅವರ ಹೊತ್ತಿಗೆಗಳಲ್ಲಿ ಇರುತ್ತದೆ. ಸರಕಾರಿ ಕಾಗದಕ್ಕಿಂತ ಹಿಂದೆ ಹೋಗುವ ಮಾಹಿತಿ ಎಷ್ಟೋ ಸಲ ಇವರಲ್ಲೇ ಸಿಗುತ್ತದೆ. ಸುಗ್ಗಿಯ ಸಮಯದಲ್ಲಿ ಬರುತ್ತಾರೆ. ಬಂದಾಗ ಒಂದು ಸೇರು ಜೋಳ ಕೊಟ್ಟು ಕಳಿಸಿಬಿಡಬೇಡಿ. ಕೂರಿಸಿ, ಓದಿಸಿ, ಅವರ ಒಪ್ಪಿಗೆ ಪಡೆದು ಮೊಬೈಲ್‌ನಲ್ಲಿ ಧ್ವನಿ ದಾಖಲಿಸಿಕೊಳ್ಳಿ. ಸಲ್ಲಬೇಕಾದ ಕಾಣಿಕೆಯನ್ನು ಕೈತುಂಬ ಕೊಡಿ. ಹೆಣ್ಣುಮಕ್ಕಳ ಹೆಸರು ಅವರ ಹೊತ್ತಿಗೆಯಲ್ಲಿ ಕಡಿಮೆ. ಅದನ್ನು ಅಜ್ಜಿಯಿಂದ ಕೇಳಿ ನೀವೇ ಸೇರಿಸಬೇಕು.

ಮೂರನೆಯದು ಜಮೀನಿನ ಕಾಗದ. ದೇವಸ್ಥಾನದ ಸೇವೆಗೆ ಹಿಂದೆ ಇನಾಮು ಜಮೀನು ಕೊಡುತ್ತಿದ್ದರು. ಬ್ರಿಟಿಷ್ ಸರಕಾರ 1852ರಲ್ಲಿ ಇನಾಂ ಕಮಿಷನ್ ಕಾಯ್ದೆ ತಂದು, ಯಾರಿಗೆ ಯಾವ ಇನಾಮು ಯಾಕೆ ಅಂತ ಒಂದೊಂದನ್ನೂ ತನಿಖೆ ಮಾಡಿಸಿತು. ಆಗ ಎಷ್ಟೋ ಮನೆಗಳು ತಮ್ಮ ಹಳೆಯ ಸನದುಗಳನ್ನು ತಂದು ತೋರಿಸಬೇಕಾಯಿತು. ಆ ಕಾಲದ ದಾಖಲೆಗಳ ದೊಡ್ಡ ರಾಶಿ ಪುಣೆಯ ಪೇಶ್ವೆ ದಫ್ತರದಲ್ಲಿದೆ. ಹೆಚ್ಚಿನವು ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯಲ್ಲಿವೆ. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಬಿಡಿಸಲಾಗದ ಅಕ್ಷರದ ಕಾಗದ ಇದ್ದರೆ ಅದು ಮೋಡಿ ಇರಬಹುದು. ಬಿಸಾಡಬೇಡಿ, ಸುರುಳಿ ಬಿಚ್ಚಲು ಅವಸರ ಮಾಡಬೇಡಿ. ಮೋಡಿ ಓದುವವರು ಪುಣೆ, ಸೊಲ್ಲಾಪುರ ಕಡೆ ಸಿಗುತ್ತಾರೆ.

ಆದರೆ ಒಂದು ಎಚ್ಚರ. ಜಮೀನು ಇಲ್ಲದ ಮಾನಕ್ಕೆ ಸರಕಾರಿ ಕಾಗದ ಇರುವುದು ಬಹಳ ಅಪರೂಪ. ಕೋರ್ಟುಗಳು ಹುದ್ದೆ ಅಥವಾ ಆಸ್ತಿಯ ಹಕ್ಕಿನ ದಾವೆಯನ್ನು ಕೇಳುತ್ತಿದ್ದವು. ಬರೀ ಮರ್ಯಾದೆಯ ಜಗಳಕ್ಕೆ ಕಿವಿಗೊಡುತ್ತಿರಲಿಲ್ಲ. ಹಾಗಾಗಿ ಕುಂಬಾರರ ಗಡಿಗೆಯ ಮಾನ, ರಂಗೋಲಿಯ ಸೇವೆ, ಹೊರುವವರ ಪಾಳಿ, ಇಂಥವು ಕಾಗದಕ್ಕೆ ಬೀಳಲೇ ಇಲ್ಲ. ಕಾಗದ ಸಿಗದಿದ್ದರೆ ಅಜ್ಜಿಯ ಮಾತು ಸುಳ್ಳು ಅಂತ ತೀರ್ಮಾನ ಮಾಡಬೇಡಿ. ಕಾಗದ ಇದ್ದದ್ದು ಉಳ್ಳವರ ಮಾನಕ್ಕೆ ಮಾತ್ರ.

ಕಾಗದದ ಮಾನ ಹೋದ ಮೇಲೂ ಧ್ವಜದ ಮಾನ ಉಳಿದಿದೆ ಅನ್ನುವುದನ್ನೂ ಗಮನಿಸಿ. 1950ರಲ್ಲಿ ಮುಂಬೈ ಸರಕಾರ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದು ಮಾಡಿತು. ದೇಶಮುಖ ವತನಗಳು ಅಲ್ಲಿಗೆ ಮುಗಿದವು. ಕಂದಾಯದ ಪುಸ್ತಕದಿಂದ ಹೆಸರು ಹೋಯಿತು. ಎರಡನೆಯ ನಂದಿಧ್ವಜದ ಮುಂದೆ ಹೆಸರು ಹೋಗಲಿಲ್ಲ, ಕರುವಿನ ಭಾಕಣೂಕವೂ ನಿಲ್ಲಲಿಲ್ಲ. 2021ರಲ್ಲಿ ಕೊರೋನಾ ಕಾರಣಕ್ಕೆ ಜನರನ್ನು ಸೇರಿಸುವಂತಿರಲಿಲ್ಲ. ಆಗಲೂ ಬೆರಳೆಣಿಕೆಯ ಮಾನಕರಿಗಳ ಕೈಯಿಂದ ವಿಧಿಗಳನ್ನು ನಡೆಸಿದರು. ಹೊಣೆ ಅಂದರೆ ಏನು ಅನ್ನುವುದು ಅಂಥ ವರ್ಷದಲ್ಲೇ ಕಾಣುತ್ತದೆ.

ಇನ್ನೊಂದು ಸಾಧ್ಯತೆ ಹೇಳಿಬಿಡುತ್ತೇನೆ. ನಮ್ಮ ಕಡೆ ಮನೆತನ ಒಡೆದಾಗ ಇಂಥ ಸೇವೆಯನ್ನು ಅಣ್ಣತಮ್ಮಂದಿರು ವರ್ಷ ಪಾಳಿಯಲ್ಲಿ ಹಂಚಿಕೊಳ್ಳುವುದು ರೂಢಿ. ಊರು ಬಿಟ್ಟು ಹೋದವರು ತಮ್ಮ ಪಾಳಿಯನ್ನು ಅಲ್ಲೇ ಇರುವ ದಾಯಾದಿಗಳಿಗೆ ಒಪ್ಪಿಸುತ್ತಾರೆ. ಒಂದೆರಡು ತಲೆಮಾರಿನ ಮೇಲೆ ಹೋದವರ ಹೆಸರು ಮರೆತುಹೋಗುತ್ತದೆ. ನಿಮ್ಮ ಮುತ್ತಜ್ಜನ ವಿಷಯದಲ್ಲೂ ಹೀಗೇ ಆಗಿರಬಹುದು. ಹಾಗಿದ್ದರೆ ಸೊಲ್ಲಾಪುರದಲ್ಲಿ ನಿಮಗೆ ದಾಯಾದಿಗಳ ಮನೆ ಇರಬೇಕು. ಅವರನ್ನು ಹುಡುಕಿ ಹೋಗುವಾಗ ಹಕ್ಕು ಕೇಳಲು ಬಂದವರ ಹಾಗೆ ಹೋಗಬೇಡಿ. ಇಷ್ಟು ವರ್ಷ ನಿಮ್ಮ ಪಾಲಿನ ಕೆಲಸವನ್ನೂ ಅವರೇ ಮಾಡಿದ್ದಾರೆ. ಎಣ್ಣೆಯೋ ಜೋಳವೋ, ಮುತ್ತಜ್ಜ ಏನು ಒಯ್ಯುತ್ತಿದ್ದರೋ ಅದನ್ನೇ ಒಯ್ಯಿರಿ.

ಮುಂದಿನ ವರ್ಷ ಹೋಗುವುದಾದರೆ ಅಕ್ಷತೆಯ ದಿನ ಯಾರನ್ನೂ ಮಾತಿಗೆ ಎಳೆಯಬೇಡಿ. ಮಾನಕರಿಗಳಿಗೆ ಅಂದು ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಒಂದು ತಿಂಗಳು ಮುಂಚೆ ಸರಾವ ನಡೆಯುವಾಗ ಒಂದು ರಾತ್ರಿ ಉತ್ತರ ಕಸಬಾಕ್ಕೆ ಹೋಗಿ. ಹಳಬರು ಬದಿಯಲ್ಲಿ ನಿಂತು ಹುಡುಗರು ಕೋಲು ಎತ್ತುವುದನ್ನು ನೋಡುತ್ತಿರುತ್ತಾರೆ. ಮುತ್ತಜ್ಜನ ಹೆಸರು, ನಿಮ್ಮ ಬೆಡಗು, ಇಂಡಿಯ ಹತ್ತಿರದ ಊರಿನ ಹೆಸರು, ಈ ಮೂರನ್ನೂ ಒಟ್ಟಿಗೆ ಹೇಳಿ ವಿಚಾರಿಸಿ. ಬರೀ ಅಡ್ಡಹೆಸರು ಹೇಳಿದರೆ ಹತ್ತು ಮನೆ ತೋರಿಸುತ್ತಾರೆ.